ಏಳು ಅಮ್ಮಂದಿರು ಮತ್ತು ನನ್ನ ನಡುಗುವ ಯಂತ್ರ

ಈಚೆಗೆ ಬಸವೇಶ್ವರನಗರದಲ್ಲಿ ಭೂಮಿ ನಡುಗಿತಲ್ಲ, ಅದನ್ನು ನಡುಗಿಸಿದವನು ನಾನು. ಪತ್ರಿಕೆಯವರು ಬರೆಯಲಿಲ್ಲ, ಟೀವಿಯವರು ತೋರಿಸಲಿಲ್ಲ, ನಿಜ. ಅವರೆಲ್ಲ ಹೆದರಿ ಮಂಚದ ಕೆಳಗೆ ಸೇರಿಕೊಂಡಿದ್ದರು. ನಾನು ಸ್ವಿಚ್ ಒತ್ತಿದ ಗಳಿಗೆಗೆ ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸ್‌ಗಳಲ್ಲಿ ಹೊಲಿಗೆ ಯಂತ್ರಗಳು ತಾವೇ ಹೊಲಿಯತೊಡಗಿದವು. ದೀಪಾಂಜಲಿ ನಗರದ ಸ್ಟೇಷನ್ನಿನಲ್ಲಿ ನಿಂತಿದ್ದ ಮೆಟ್ರೊ ಯಾರೂ ಮುಟ್ಟದೆ ಒಂದು ಮಾರು ಮುಂದಕ್ಕೆ ಸರಿಯಿತು. ಇಷ್ಟನ್ನೂ ಮಾಡಿದ್ದು ಕಲ್ಲಿಗೆ ಹೊಳಪು ಕೊಡುವ ನನ್ನ ಹೊಸ ಯಂತ್ರ. ಅದರ ಗಾತ್ರ ಗಾಣದಷ್ಟು. ದೋಸೆ ಹಿಟ್ಟಿನ ಪಾತ್ರೆಯಷ್ಟು ಎಂದು ನನ್ನ ಹೆಂಡತಿ ಶಿಲ್ಪಾ ಹೇಳಿಕೊಂಡು ತಿರುಗುತ್ತಾಳೆ. ಅವಳ ಮಾತಿಗೆ ಬೆಲೆ ಕೊಡಬೇಡಿ.

ಈ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಮಾಗಡಿ ರಸ್ತೆಯ ಈ ಕೊನೆಯಿಂದ ಆ ಕೊನೆಯವರೆಗೆ ಯಾರೂ ಇಲ್ಲ. ನಾನು ಕೆಲಸ ಮಾಡುವ ವರ್ಕ್‌ಶಾಪಿನಲ್ಲಿ ಬೋಲ್ಟು, ವಾಷರುಗಳ ಚೂಪು ಅಂಚನ್ನು ಕಳೆಯಲು ನೀರಿನ ತೊಟ್ಟಿಯಂಥ ನಡುಗುವ ಯಂತ್ರವೊಂದಿದೆ. ಅದರ ಮುಂದೆ ನಿಂತು ನಾನು ಕುಡಿದ ಟೀ ಒಂದು ಕೆರೆಯಷ್ಟಾದೀತು. ಅಲ್ಲಿ ನನ್ನ ಕೆಲಸ ಬಿಲ್ ಹಾಕುವುದು. ಆದರೆ ನೋಡಿ ಕಲಿತವನೇ ನಿಜವಾಗಿ ಕಲಿತವನು. ರುದ್ರೇಶ ಕೈಯಿಟ್ಟರೆ ಕಲ್ಲು ಕನ್ನಡಿ ಎಂದು ಬೀದಿಗೆಲ್ಲ ಹೇಳಿಟ್ಟಿದ್ದೆ. ಯಂತ್ರ ಬರುವ ಮೊದಲೇ ಹೇಳಿಟ್ಟಿದ್ದೆ.

ಡಬ್ಬ ಬಿಚ್ಚಿದೆ. ತಳದಲ್ಲಿ ಮೋಟಾರು, ಅದರ ಮೇಲೆ ಸ್ಪ್ರಿಂಗುಗಳು, ಸ್ಪ್ರಿಂಗುಗಳ ಮೇಲೆ ಒಂದು ಬೋಗುಣಿ, ಬೋಗುಣಿಯ ನಡುವೆ ಮುಚ್ಚಳ ಬಿಗಿಯಲು ಒಂದು ಕಂಬಿ. ಜೊತೆಗೆ ಚೀಲದ ತುಂಬ ಸಣ್ಣ ಪಿಂಗಾಣಿ ಚೂರುಗಳು, ಒರಟು ಪುಡಿ, ನಯ ಪುಡಿ, ಇನ್ನೂ ನಯ ಪುಡಿ. ಒಂದು ಪುಸ್ತಿಕೆಯೂ ಇತ್ತು. ಅದನ್ನು ನಾನು ಓದಲಿಲ್ಲ. ಮೀನಿಗೆ ಯಾರಾದರೂ ಈಜುವ ಪುಸ್ತಕ ಕೊಡುತ್ತಾರೆಯೇ?

ಕೆಂಗೇರಿ ಕಡೆ ಲೇಔಟಿಗೆ ನೆಲ ಅಗೆಯುತ್ತಿದ್ದಲ್ಲಿಂದ ಆರಿಸಿ ತಂದಿದ್ದ ಕರಿಕಲ್ಲುಗಳನ್ನು ಸುರಿದೆ. ಪಿಂಗಾಣಿ ಚೂರು, ಒರಟು ಪುಡಿ, ಒಂದಿಷ್ಟು ನೀರು ಹಾಕಿ ಮುಚ್ಚಳ ಬಿಗಿದೆ. ಸ್ವಿಚ್ ಒತ್ತಿದೆ. ಆಗಲೇ ನಾನು ಹೇಳಿದ ಭೂಕಂಪ. ಯಂತ್ರ ಟೈಲ್ಸಿನ ಮೇಲೆ ತಾನೇ ನಡೆಯತೊಡಗಿತು. ನಡುಮನೆ ದಾಟಿ, ಸೋಫಾದ ಕಾಲಿಗೊಮ್ಮೆ ಗುದ್ದಿ, ಅಡುಗೆಮನೆಯ ಹೊಸ್ತಿಲಿಗೆ ಹಣೆ ಹಚ್ಚಿ ನಿಂತು ಗಡಗಡ ಎಂದಿತು.

"ರೀ, ನಿಮ್ಮ ಬಸವ ಇಲ್ಲಿಗೆ ಬಂತು. ಹಿಡ್ದು ಕಟ್ಟಾಕಿ!" ಎಂದು ಶಿಲ್ಪಾ ಕೂಗಿದಳು.

ಕೆಳಗಿನ ಮನೆಯಿಂದ ನಮ್ಮ ಓನರ್ ಅಕ್ಕಯ್ಯಮ್ಮಜ್ಜಿಯ ದನಿ ಕೇಳಿತು. "ರುದ್ರೇಶಪ್ಪಾ, ಏನೋ ಅದು? ಮೇಲೆ ರಾಗಿ ಮಿಲ್ ಇಟ್ಟಿದೀಯಾ?"

"ಇಲ್ಲ ಅಜ್ಜಿ, ವಿಜ್ಞಾನ!"

"ಹಂಗಾದ್ರೆ ಬಾಗ್ಲು ಹಾಕ್ಕೊಂಡು ಮಾಡು. ಚೈತ್ರ ಮಲಗವ್ಳೆ."

ಚೈತ್ರ ಅಜ್ಜಿಯ ಮೊಮ್ಮಗಳು. ಹೆರಿಗೆಗೆಂದು ತವರಿಗೆ ಬಂದಿದ್ದಳು.

ಯಂತ್ರದ ಕೆಳಗೆ ರಬ್ಬರ್ ಮ್ಯಾಟು ಹಾಸಿದೆ. ಅದು ನಡೆಯುವುದನ್ನು ಬಿಟ್ಟಿತು, ಆದರೆ ಒಳಗಿನ ಕಲ್ಲುಗಳು ಒಂದನ್ನೊಂದು ಹೊಡೆದುಕೊಳ್ಳುವ ಸದ್ದು ನಿಲ್ಲಲಿಲ್ಲ. ಶಿಲ್ಪಾ ಸ್ನಾನಕ್ಕೆ ಹೋದಾಗ ಪುಸ್ತಿಕೆಯನ್ನು ಸುಮ್ಮನೆ ಹಾಗೇ ತಿರುವಿದೆ. ಬೋಗುಣಿ ಹೆಚ್ಚುಕಡಿಮೆ ತುಂಬಿರಬೇಕಂತೆ. ಖಾಲಿ ಬಿಟ್ಟರೆ ಕಲ್ಲು ಉರುಳುವುದಿಲ್ಲ, ಕುಣಿದು ಒಡೆದುಕೊಳ್ಳುತ್ತದೆ. ಇದು ನನಗೆ ಮೊದಲೇ ಗೊತ್ತಿತ್ತು. ಪುಸ್ತಿಕೆಗೂ ಗೊತ್ತಿದೆಯೇ ಎಂದು ಪರೀಕ್ಷಿಸಿದೆ, ಅಷ್ಟೆ.

ಹಾಗಾದರೆ ಇನ್ನಷ್ಟು ಕಲ್ಲು ಬೇಕು. ಹುಡುಕುತ್ತ ಟೆರೇಸಿಗೆ ಹೋದೆ. ನೀರಿನ ಟ್ಯಾಂಕಿನ ಪಕ್ಕ, ಡ್ರಮ್ಮಿನಲ್ಲಿ ಬೆಳೆದ ಬೇವಿನ ಗಿಡದ ಬುಡದಲ್ಲಿ ನಿಂಬೆಹಣ್ಣಿನ ಗಾತ್ರದ ಕರಿಕಲ್ಲುಗಳು ಬಿದ್ದಿದ್ದವು. ಮೈತುಂಬ ಕುಳಿ, ಕುಳಿಗಳಲ್ಲಿ ಅಲ್ಲಲ್ಲಿ ಹಳದಿ. ನನ್ನ ಕಣ್ಣು ಎಂಥದ್ದು ಎಂದರೆ, ನೋಡಿದ ಕೂಡಲೇ ಅದು ಚಿನ್ನದ ಅಂಶ ಎಂದು ಗೊತ್ತಾಯಿತು. ಕೋಲಾರದವರು ಸುಮ್ಮನೆ ಅಷ್ಟು ಆಳ ಅಗೆದರು, ಚಿನ್ನ ನಮ್ಮ ಓನರ್ ಟೆರೇಸಿನಲ್ಲಿತ್ತು. ಬನಿಯನ್ನಿನ ಮಡಿಲಿಗೆ ಹಾಕಿಕೊಂಡು ಇಳಿದೆ.

ಆಮೇಲೆ ನೋಡಬೇಕಿತ್ತು ಯಂತ್ರದ ಚೆಂದವನ್ನು. ಬೋಗುಣಿ ಭರ್ತಿಯಾದದ್ದೇ ಗಡಗಡ ಹೋಗಿ ಗುಂಯ್ ಎಂಬ ದನಿ ಉಳಿಯಿತು. ಕಲ್ಲುಗಳು ಅಂಚಿನಲ್ಲಿ ಮೇಲೆದ್ದು, ನಡುವಿಗೆ ಬಂದು ಮುಳುಗಿ, ಮತ್ತೆ ಅಂಚಿನಲ್ಲಿ ಏಳುತ್ತಿದ್ದವು. ವಾರಗಟ್ಟಲೆ ಓಡಿಸಿದೆ. ನಡುನಡುವೆ ತೊಳೆದು ಪುಡಿ ಬದಲಿಸಿದೆ. ಕುಳಿ ಹೋಯಿತು, ಹಳದಿ ಹೋಯಿತು, ಒರಟು ಹೋಯಿತು. ಕೊನೆಯ ಸಲ ಸೋಪಿನ ನೀರಿನಲ್ಲಿ ಓಡಿಸಿ ತೆಗೆದಾಗ ಒಂದೊಂದು ಕಲ್ಲಿನಲ್ಲೂ ಮುಖ ನೋಡಿಕೊಂಡು ಮೀಸೆ ತಿದ್ದಬಹುದಿತ್ತು. ಶಿಲ್ಪಾ ಕೂಡ ಒಂದನ್ನು ಕೈಗೆತ್ತಿಕೊಂಡು ಏನೂ ಅನ್ನದೆ ಕೆನ್ನೆಗೆ ಒತ್ತಿಕೊಂಡಳು. ಮದುವೆಯಾದ ಮೇಲೆ ಅವಳು ಏನೂ ಅನ್ನದೆ ಇದ್ದದ್ದು ಅದೇ ಮೊದಲು.

ಅವಳ ಕೈಯಲ್ಲಿ ಕಲ್ಲಿರುವಾಗಲೇ ಕೆಳಗಿನಿಂದ ಅಜ್ಜಿ ಕೂಗಿದರು.

"ರುದ್ರೇಶಪ್ಪಾ, ಟೆರೇಸಿಗೆ ಹೋಗಿ ನಮ್ಮಮ್ಮಂದಿರನ್ನ ಇಳಿಸ್ಕೊಂಡು ಬಾಪ್ಪಾ. ನನ್ ಮಂಡೀಲಿ ಹತ್ತಕ್ಕಾಗಲ್ಲ. ಬೇವಿನ ಗಿಡದ ತಾವ ಅವ್ರೆ, ಏಳೂ ಜನ."

ನಾನು ಮೆಟ್ಟಿಲ ಮೇಲೆ ನಿಂತು, "ಯಾವ ಅಮ್ಮಂದಿರು ಅಜ್ಜಿ?" ಎಂದೆ. ಕೇಳುವ ಮೊದಲೇ ನನ್ನ ಕಣ್ಣು ಬಾಗಿಲಲ್ಲಿದ್ದ ಶಿಲ್ಪಾಳ ಕೈಯ ಕಲ್ಲಿನ ಕಡೆ ಹೋಗಿತ್ತು.

ಅಜ್ಜಿ ಹೇಳಿದರು. ಈ ಲೇಔಟು ಹಳ್ಳಿಯಾಗಿದ್ದಾಗ ಅವರ ಹೊಲದ ಪಕ್ಕ ಒಂದು ಕಟ್ಟೆಯಿತ್ತು. ಅದರ ದಂಡೆಯ ಮೇಲೆ ಏಳು ಅಕ್ಕತಂಗಿಯರು ಕಲ್ಲಾಗಿ ಕೂತಿದ್ದರು. ಕಟ್ಟೆ ಮುಚ್ಚಿ ಸೈಟು ಮಾಡಿದಾಗ ಅಜ್ಜಿ ಅವರನ್ನು ಮಡಿಲಲ್ಲಿ ಕಟ್ಟಿಕೊಂಡು ಮನೆಗೆ ತಂದರು. ಈ ಮನೆಯ ಹೆಣ್ಣುಮಗಳು ಬಸುರಿಯಾದಾಗ, ಹೆರಿಗೆಗೆ ಹೋಗುವ ಮುಂಚೆ ಅವರ ಮುಂದೆ ಕೂರಬೇಕು. ಅಜ್ಜಿ ದೊಡ್ಡಮ್ಮ, ಕೆರೆಯಮ್ಮ, ಸಣ್ಣಮ್ಮ ಎಂದು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದು, ಅರಿಶಿನ ಹಚ್ಚಿ, ಹುಡುಗಿಯ ಮಡಿಲಿಗಿಟ್ಟು 'ಇವಳು ನಿನ್ನ ಪಾಲಿಗೆ' ಎಂದು ಒಪ್ಪಿಸಬೇಕು.

"ಹೋದ ಸಲ ಇವಳು ಗಂಡನ ಮನೇಲಿದ್ಳು, ಒಪ್ಸಕ್ಕಾಗ್ಲಿಲ್ಲ," ಎಂದರು ಅಜ್ಜಿ, ದನಿ ತಗ್ಗಿಸಿ. "ಐದು ತಿಂಗ್ಳು ತುಂಬೋಷ್ಟ್ರಲ್ಲಿ ಬಸ್ರು ಹೋಯ್ತು. ಅವತ್ತಿಂದ ನಂಗೆ ನಿದ್ದೆ ಇಲ್ಲ ಕಣಪ್ಪಾ. ನಾಳೆ ಆಸ್ಪತ್ರೆಗೆ ಸೇರ್ಕೊಬೇಕು ಅಂದವ್ರೆ. ಇವತ್ತು ಆಗ್ಲೇಬೇಕು. ಬೇಗ ಇಳಿಸ್ಕೊಂಡು ಬಾ."

ನಾನು ಮೇಲಕ್ಕೆ ಹೋಗಿ ಬಾಗಿಲು ಹಾಕಿಕೊಂಡೆ. ಪೇಪರ್ ಹಾಸಿ ಎಲ್ಲ ಕಲ್ಲುಗಳನ್ನೂ ಹರಡಿದೆ. ಎಲ್ಲವೂ ಕಪ್ಪು, ಎಲ್ಲವೂ ಗುಂಡಗೆ, ಎಲ್ಲದರಲ್ಲೂ ನನ್ನ ಮುಖ. ಅರಿಶಿನದ ವಾಸನೆ ಉಳಿದಿದೆಯೇನೋ ಎಂದು ಒಂದೊಂದನ್ನೂ ಮೂಸಿದೆ. ಎಲ್ಲದಕ್ಕೂ ಸೋಪಿನ ವಾಸನೆ.

"ಕೆಂಗೇರಿಯವು ಯಾವುವು, ಅಜ್ಜಿಯವು ಯಾವುವು?" ಎಂದಳು ಶಿಲ್ಪಾ.

"ಅದನ್ನೇ ನೋಡ್ತಾ ಇದೀನಿ."

"ಎಷ್ಟ್ ನೋಡಿದ್ರೂ ಅಷ್ಟೇ ರೀ. ಹೋಗಿ ನಿಜ ಹೇಳ್ಬಿಡಿ."

"ಅಯ್ಯೋ, ನಾಳೆ ಆಸ್ಪತ್ರೆಗೆ ಹೋಗೋ ಹುಡುಗಿ ಮುಂದೆ, ನಿಮ್ ದೇವರನ್ನ ಮಿಷಿನ್ನಿಗೆ ಹಾಕ್ದೆ ಅಂತ ಹೇಳ್ಲಾ?"

ನಾನು ಯಾರಿಗೂ ತಲೆ ಬಾಗದವನು, ಬೆಟ್ಟ ಎದುರು ಬಂದರೆ ಪಕ್ಕಕ್ಕೆ ಸರಿ ಎನ್ನುವವನು. ಅಂಥವನು ಪೇಪರಿನ ಮುಂದೆ ಮಂಡಿಯೂರಿ ಕೂತು, "ತಾಯಂದಿರಾ, ನೀವು ಯಾರ್ಯಾರು ಅಂತ ಸ್ವಲ್ಪ ಅಲ್ಲಾಡಿ ತೋರ್ಸಿ" ಎಂದು ಬೇಡಿಕೊಂಡೆ. ಯಾರೂ ಅಲ್ಲಾಡಲಿಲ್ಲ. ಇಷ್ಟು ದಿನ ಬಿಡದೆ ಅಲ್ಲಾಡಿ ಅವರಿಗೂ ಸಾಕಾಗಿತ್ತೋ ಏನೋ.

ಕೆಳಗಿನಿಂದ ಮತ್ತೆ ಕೂಗು. ಕೈಗೆ ಸಿಕ್ಕ ಏಳನ್ನು ತಟ್ಟೆಗಿಟ್ಟುಕೊಂಡು ಇಳಿದೆ.

ನಡುಮನೆಯಲ್ಲಿ ರಂಗೋಲಿ ಬಿಡಿಸಿ ಮಣೆ ಹಾಕಿದ್ದರು. ಮಣೆಯ ಮೇಲೆ ಚೈತ್ರ, ಕಾಲು ಮಡಿಸಲಾಗದೆ ಚಾಚಿಕೊಂಡು ಕೂತಿದ್ದಳು. ಎದುರಿಗೆ ಅಜ್ಜಿ, ಅರಿಶಿನದ ಬಟ್ಟಲು, ಒಂದು ತಟ್ಟೆ ತಂಬಿಟ್ಟು. ಅಜ್ಜಿಯ ಕಣ್ಣಿಗೆ ಪೊರೆ ಬಂದು ಯಾವ ಕಾಲವಾಯಿತೋ. ನಾನು ತಟ್ಟೆ ಇಟ್ಟಾಗ ಅವರು ನೋಡಲಿಲ್ಲ, ಕೈಯಾಡಿಸಿದರು. ಬೆರಳು ಒಂದು ಕಲ್ಲಿನ ಮೇಲೆ ಹರಿದು, ನಿಂತು, ಮತ್ತೆ ಹರಿಯಿತು.

"ಇದೇನಪ್ಪಾ ಇಷ್ಟ್ ನುಣ್ಣಗೆ?"

ಆ ಗಳಿಗೆಯಲ್ಲಿ ನಿಜ ಹೇಳಬಹುದಿತ್ತು. ನಿಜ ಬಾಯಿಯವರೆಗೂ ಬಂತು. ಆದರೆ ನನ್ನ ನಾಲಿಗೆಗೆ ಮೊದಲಿನಿಂದಲೂ ಬೇರೆ ಅಭ್ಯಾಸ.

"ತೇಜಸ್ಸು ಅಜ್ಜಿ," ಎಂದೆ. "ನಂಗೂ ನೋಡಿ ಆಶ್ಚರ್ಯ ಆಯ್ತು. ಗಿಡದ ಬುಡದಲ್ಲಿ ಏಳೂ ಜನ ದೀಪ ಹಚ್ಚಿದ ಹಂಗೆ ಹೊಳೀತಾ ಇದ್ರು. ಟ್ಯಾಂಕ್ ಮೇಲೆಲ್ಲ ಬೆಳಕು! ಮೊಮ್ಮಗಳು ಬಂದಿದಾಳೆ ಅಂತ ಗೊತ್ತಾಗಿರ್ಬೇಕು."

ಅಜ್ಜಿ ತಟ್ಟೆಗೆ ಹಣೆ ಹಚ್ಚಿದರು. "ಬಂದ್ರೇನಮ್ಮಾ? ಹೋದ ಸಲದ ತಪ್ಪು ಮರೆತ್ರೇನಮ್ಮಾ?" ಎಂದು ಅಳತೊಡಗಿದರು. ಚೈತ್ರ ನನ್ನ ಕಡೆ ನೋಡಿ, "ನಿಜವಾಗ್ಲೂನಾ ರುದ್ರೇಶಣ್ಣಾ?" ಎಂದಳು. ಅವಳ ಮುಖದಲ್ಲಿ ಅಷ್ಟು ಸಮಾಧಾನ ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ನಾನು ತಲೆಯಾಡಿಸಿದೆ. ಬಾಗಿಲಲ್ಲಿ ನಿಂತಿದ್ದ ಶಿಲ್ಪಾ ಗೋಡೆಯ ಕಡೆ ಮುಖ ತಿರುಗಿಸಿದಳು.

ಅಜ್ಜಿ ಕಣ್ಣೊರೆಸಿಕೊಂಡು ಒಂದು ಕಲ್ಲನ್ನು ಅಂಗೈಯಲ್ಲಿಟ್ಟುಕೊಂಡರು. "ದೊಡ್ಡಮ್ಮನ ನೆತ್ತಿ ಮೇಲೆ ಕುಳಿ ಇರ್ತಿತ್ತು, ನನ್ ಹೆಬ್ಬೆಟ್ಟು ಕೂರೋಷ್ಟು. ಸಣ್ಣಮ್ಮನ ಬೆನ್ನು ಗರಗಸದ ಹಂಗೆ. ಈಗ ಎಲ್ರೂ ಒಂದೇ ಥರ ಆಗವ್ರೆ. ನಂಗೆ ಗುರ್ತು ಸಿಗ್ತಿಲ್ಲ. ತೇಜಸ್ಸು ನೋಡ್ದೋನು ನೀನು, ನೀನೇ ಹೇಳಪ್ಪಾ. ಇವಳ್ಯಾರು?"

"ದೊಡ್ಡಮ್ಮ," ಎಂದೆ.

"ಸರಿಯಾಗಿ ನೋಡ್ದಾ? ಹೆಸ್ರು ತಪ್ಪಬಾರ್ದು. ತಪ್ಪಿದ್ರೆ ಒಪ್ಸಿದಂಗಲ್ಲ."

"ಅಜ್ಜಿ, ಕತ್ತಲಲ್ಲಿ ಕೇಳಿದ್ರೂ ಹೇಳ್ತೀನಿ. ದೊಡ್ಡಮ್ಮನೇ."

ಅಜ್ಜಿ ಅರಿಶಿನ ತೆಗೆದು ಹಚ್ಚಿದರು. ಅರಿಶಿನ ಜಾರಿತು. ಮತ್ತೆ ಹಚ್ಚಿದರು. ಹೊಳಪಿನ ಮೇಲೆ ನಿಲ್ಲದೆ ಅದು ಬೆರಳ ಸಂದಿಯಿಂದ ಇಳಿದು ರಂಗೋಲಿಯ ಮೇಲೆ ಬಿತ್ತು. "ಹಿಡೀತಾನೇ ಇಲ್ವಲ್ಲಾ," ಎಂದು ಸೆರಗಿನಿಂದ ಕಲ್ಲನ್ನು ಒರೆಸಿ, ಒಣಗಿಸಿ, ಮತ್ತೆ ಪ್ರಯತ್ನಿಸಿದರು. ಚೈತ್ರ ಮಡಿಲೊಡ್ಡಿ ಕಾಯುತ್ತಲೇ ಇದ್ದಳು. ನನಗೆ ನೋಡಲಾಗಲಿಲ್ಲ. ಕಿಟಕಿಯ ಕಡೆ ತಿರುಗಿ ಬೀದಿಯಲ್ಲಿ ಹೋಗುವ ಸ್ಕೂಟರುಗಳನ್ನು ನೋಡುತ್ತ ನಿಂತೆ.

"ಇವಳು?" ಎಂದರು ಅಜ್ಜಿ.

ತಿರುಗಿದೆ. ಅವರ ಅಂಗೈಯಲ್ಲಿ ಅರಿಶಿನ ಸೋಕದ, ಹೊಳೆಯುವ ಕಲ್ಲು. ಎರಡನೆಯದು ಬಂತು ಅಂದುಕೊಂಡೆ.

"ಇವಳು ಕೆರೆಯಮ್ಮ," ಎಂದೆ. ಅಷ್ಟಕ್ಕೇ ಬಿಡಬಹುದಿತ್ತು. "ಹೊಳಪಿನಲ್ಲೇ ಗೊತ್ತಾಗುತ್ತಲ್ಲ ಅಜ್ಜಿ, ಒಳಗೆ ನೀರು ಅಲೆ ಹೊಡೆಯೋ ಹಂಗಿದೆ. ದೊಡ್ಡಮ್ಮಂದು ಬೇರೆ ಹೊಳಪು, ಇವಳದ್ದೇ ಬೇರೆ."

ಅಜ್ಜಿ ಆ ಕಲ್ಲನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡರು.

"ನಾನಿನ್ನೂ ಕೆಳಗೇ ಇಟ್ಟಿಲ್ಲ ಕಣಪ್ಪಾ," ಎಂದರು ಮೆಲ್ಲಗೆ. "ಒರೆಸಿ, ಸರಿಯಾಗಿ ನೋಡ್ದಾ ಅಂತ ಇನ್ನೊಂದ್ ಸಲ ಕೇಳ್ದೆ. ಇದು ಆಗ್ಲಿಂದ ನನ್ ಕೈಲಿರೋದೇ."

ಚೈತ್ರ ಮಡಿಲೊಡ್ಡಿದ್ದ ಸೆರಗನ್ನು ಹಾಗೇ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿದ್ದ ಸಮಾಧಾನ ಹೋಗಿತ್ತು. ನಾನು ಬಾಯಿ ತೆರೆದೆ. ಇನ್ನೊಂದು ಸುಳ್ಳು ಬರುತ್ತದೆ ಎಂದು ಕಾದೆ. ಬರಲಿಲ್ಲ.

"ನಂಗೊತ್ತಿಲ್ಲ ಅಜ್ಜಿ," ಎಂದೆ. "ತೇಜಸ್ಸು ಏನೂ ಇರ್ಲಿಲ್ಲ. ದೇವರು ಅಂತ ಗೊತ್ತಾಗ್ದೆ, ಕಲ್ಲು ಸಾಲ್ದು ಅಂತ ನಾನೇ ಮಿಷಿನ್ನಿಗೆ ಹಾಕ್ದೆ. ಬೇರೆ ಕಲ್ಲುಗಳ ಜೊತೆ ಕಲೆತುಹೋದ್ರು. ಈ ಏಳರಲ್ಲಿ ಅವ್ರು ಎಷ್ಟು ಜನ ಇದಾರೋ, ಒಬ್ರಾದ್ರೂ ಇದಾರೋ ಇಲ್ವೋ, ಅದೂ ಗೊತ್ತಿಲ್ಲ."

ಅಜ್ಜಿ ಬಯ್ಯುತ್ತಾರೆ, ಮನೆ ಬಿಡು ಎನ್ನುತ್ತಾರೆ ಎಂದು ತಲೆ ತಗ್ಗಿಸಿದೆ. ಅವರು ಕಲ್ಲನ್ನು ಬೆರಳಿನಿಂದ ಸವರುತ್ತಲೇ ಇದ್ದರು. ನೆತ್ತಿಯ ಕುಳಿ ಎಲ್ಲಾದರೂ ಸಿಗುತ್ತದೆಯೇ ಎಂದು ಹುಡುಕುತ್ತಿದ್ದರೇನೋ.

"ಆ ಮಿಷಿನ್ನು ಹಿಂದಕ್ಕೆ ತಿರುಗಲ್ವೇನಪ್ಪಾ?" ಎಂದು ಕೇಳಿದರು. "ಮೊದ್ಲು ಹೆಂಗಿದ್ರೋ ಹಂಗೆ ಮಾಡಕ್ಕೆ?"

"ಇಲ್ಲ ಅಜ್ಜಿ," ಎಂದೆ. "ಅದಕ್ಕೆ ಬರಲ್ಲ. ನಂಗೂ ಬರಲ್ಲ."