ಕಪ್ಪು ಲೋಟದ ಮೇಲಿನ ಮುಖ

ಬಿರಾಗೊ ಅಡುಗೆಮನೆಯ ಕಿಟಕಿ ಪಕ್ಕದಲ್ಲೇ ಲೇಸರ್ ಯಂತ್ರ ಇಟ್ಟುಕೊಂಡಿದ್ದಾಳೆ. ಕುಮಾಸಿಯ ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲಿ ಸಾವಾದರೂ, ಮಣ್ಣಿಗೆ ಬಂದವರಿಗೆ ನೆನಪಿಗೆಂದು ಕೊಡುವ ಲೋಟಗಳು ಅವಳ ಕೈಯಿಂದಲೇ ಹೋಗಬೇಕು. ಆ ಯಂತ್ರದ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಕಣ್ಣನ್ನು ಸುಡುವುದೇನೋ ಸುಡುತ್ತದೆ. ಅವಳು ಹಸಿರು ಕನ್ನಡಕ ಹಾಕಿಕೊಂಡು ಕೂತರೆ, ಸ್ಟೀಲ್ ಲೋಟಕ್ಕೆ ಬಳಿದ, ಸಾವಿಗೆಂದೇ ಇರುವ ಕಪ್ಪು ಬಣ್ಣ ಚಿಟಿಚಿಟಿ ಸುಟ್ಟು, ಒಳಗಿನ ಲೋಹ ಹೊಳೆದು, ಸತ್ತವರ ಮುಖ ಮೂಡುತ್ತದೆ.

ಆ ದಿನ ಮೂಡಿದ್ದು ದುಫಿಯೆಯ ಮುಖ. ಲೋಟ ಮಾಡಲು ಹೇಳಿದ್ದು ಆಕೆಯ ಅಣ್ಣ, ಮನೆತನದ ಹಿರಿಯ. ಆಗಲೇ ಎಚ್ಚರಿಸಿದ್ದ: "ಅವಳ ಮಗಳು ನ್ಯಾರ್ಕೊಗೆ ದಿನ ತುಂಬಿದೆ. ಹೆರಿಗೆ ಆಗೋವರೆಗೆ ಅವಳಿಗೆ ಗೊತ್ತಾಗಕೂಡದು. ಅವ್ವ ಆಸ್ಪತ್ರೇಲಿದಾಳೆ ಅಂದಿದೀವಿ."

ಬಿರಾಗೊ ಯಾರಿಗೂ ಬಾಯಿ ಬಿಡಲಿಲ್ಲ. ಆದರೆ ಮೊದಲ ಲೋಟದ ಮೇಲೆ ಮುಖ ಚೆನ್ನಾಗಿ ಬಂತೆಂದು, ಪ್ರತಿ ಸಲ ಮಾಡುವಂತೆ, ಫೋಟೋ ತೆಗೆದು ವಾಟ್ಸ್ಯಾಪ್ ಸ್ಟೇಟಸ್‌ಗೆ ಹಾಕಿಬಿಟ್ಟಳು. ಗಿರಾಕಿ ಬರುವುದೇ ಅದರಿಂದ. ನೆನಪಾಗಿ ಅಳಿಸುವಷ್ಟರಲ್ಲಿ ನ್ಯಾರ್ಕೊ ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತಿದ್ದಳು.

"ಅಕ್ಕಾ, ಅದು ನಮ್ಮವ್ವನ ಮುಖ ಅಲ್ವಾ?"

ಬಿರಾಗೊ ಯಂತ್ರ ನಿಲ್ಲಿಸಿದಳು. ಹೆಸರು, ತಾರೀಖು ಇನ್ನೂ ಕೊರೆದಿರಲಿಲ್ಲ, ಅದೊಂದು ಪುಣ್ಯ.

"ಹೂಂ ಕಣೇ. ಹುಟ್ಟುಹಬ್ಬಕ್ಕೆ ಅಂತ ನಿಮ್ಮ ಮಾಮ ಮಾಡಿಸ್ತಿದಾರೆ. ಗುಟ್ಟಾಗಿರ್ಲಿ ಅಂದಿದ್ರು, ನಾನೇ ಕೆಡಿಸಿದೆ. ಅದ್ಸರಿ, ಆನೆಮರಿ ಹಾಗಿದೀಯ, ಈ ಬಿಸಿಲಲ್ಲಿ ಯಾಕೆ ನಡ್ಕೊಂಡು ಬಂದೆ ಮಾರಾಯ್ತಿ?"

ನ್ಯಾರ್ಕೊ ನಕ್ಕಳು. ಲೋಟ ಕೈಗೆತ್ತಿಕೊಂಡಳು. ನಗು ಅಲ್ಲೇ ನಿಂತಿತು.

"ಹುಟ್ಟುಹಬ್ಬಕ್ಕೆ ಯಾರಾದ್ರೂ ಕಪ್ಪು ಲೋಟ ಮಾಡಿಸ್ತಾರೇನಕ್ಕಾ? ನಮ್ಮ ಮಾಮ ಅಷ್ಟು ದಡ್ಡನಾ?"

ಬಿರಾಗೊ ಲೋಟವನ್ನು ಅವಳ ಕೈಯಿಂದ ತೆಗೆದಿಟ್ಟಳು. ಕುರ್ಚಿ ಎಳೆದು ಕೂರಿಸಿದಳು, ನೀರು ಕೊಟ್ಟಳು.

"ಯಾವಾಗ?"

"ಹೋದ ವಾರ."

"ಮೊನ್ನೆ ಅವ್ವಂಗೆ ಅಂತ ಜೋಳದ ಕೆಂಕೆ ಉಂಡೆ, ಹುರಿದ ಮೀನು ಕಟ್ಟಿ ಕಳ್ಸಿದ್ದೆ. ಎಲ್ಲಾ ತಿಂದ್ಲು ಅಂದ್ರು ಮಾಮ." ಅಳು ಇರಲಿಲ್ಲ. ಅದೇ ಬಿರಾಗೊಗೆ ಹೆದರಿಕೆ ಹುಟ್ಟಿಸಿತು.

ನ್ಯಾರ್ಕೊಳ ಕೈ ಹೊಟ್ಟೆಗೆ ಹೋಯಿತು, ನೋವಿಗೆ ಮುಖ ಕಿವುಚಿಕೊಂಡಿತು. ಬಿರಾಗೊ ಬೀದಿಗೆ ಓಡಿ ಟ್ಯಾಕ್ಸಿ ಕೂಗಿದಳು.

ದಾರಿಯಲ್ಲಿ ನ್ಯಾರ್ಕೊ ಅವಳ ಮಣಿಕಟ್ಟು ಹಿಡಿದುಕೊಂಡಳು. "ಅಕ್ಕಾ, ಅವ್ವ ಇದಾಳೆ ಅನ್ನು."

"ಏನಂದೆ?"

"ಇದಾಳೆ ಅನ್ನು. ಮಗು ಹುಟ್ಟೋವರೆಗೆ ಅಂತಾನೇ ಇರು. ಆಮೇಲೆ ನಾ ಅಳ್ತೀನಿ."

"ಇದಾಳೆ," ಅಂದಳು ಬಿರಾಗೊ. "ಹಾಸಿಗೆ ಸರಿ ಹಾಸಿಲ್ಲ ಅಂತ ಬೆಳಗ್ಗೆ ನರ್ಸಿಗೆ ಬೈದಳಂತೆ."

ಪ್ರತಿ ನೋವಿಗೂ ಅವ್ವನ ಬಾಯಲ್ಲಿ ಒಂದೊಂದು ಹೊಸ ಬೈಗುಳ ಹುಟ್ಟಿಸಿದಳು. ಹೆರಿಗೆ ಕೋಣೆಯ ಬಾಗಿಲು ಮುಚ್ಚಿದ ಮೇಲೂ, ಒಳಗೆ ಕೇಳಿಸಲಿ ಎಂದು ಗಟ್ಟಿಯಾಗಿ ಹೇಳುತ್ತಲೇ ನಿಂತಳು.