ಮುಷ್ಟಿಯ ಮಕ್ಕಳು

ಆ ಶಾಲೆಯಲ್ಲಿ ತಪಾಸಣೆಯ ದಿನ ಎಲ್ಲ ಮಕ್ಕಳೂ ಕೈ ಎತ್ತುತ್ತಿದ್ದರು. ಪ್ರಶ್ನೆ ಕೇಳಿ ಮುಗಿಯುವುದರೊಳಗೆ ತರಗತಿಯ ತುಂಬ ಕೈಗಳೇ ಕೈಗಳು. ಒಳಗುಟ್ಟು ಇಷ್ಟೇ: ಉತ್ತರ ಗೊತ್ತಿದ್ದವರು ಅಂಗೈ ಬಿಚ್ಚಿ ಎತ್ತಬೇಕು, ಗೊತ್ತಿಲ್ಲದವರು ಮುಷ್ಟಿ ಕಟ್ಟಿ ಎತ್ತಬೇಕು. ಟೀಚರು ಬಿಚ್ಚಿದ ಕೈಗಳನ್ನು ಮಾತ್ರ ಕರೆಯಬೇಕು. ಎಲ್ಲರೂ ದೊಡ್ಡ ಮೇಡಂ ಎನ್ನುತ್ತಿದ್ದ ಮುಖ್ಯೋಪಾಧ್ಯಾಯಿನಿ ಕಂಡುಹಿಡಿದ ಉಪಾಯ ಇದು. ಬರುವ ಅಧಿಕಾರಿಗೋ, ಕಣ್ಣು ಫೈಲಿನಲ್ಲಿ, ಮನಸ್ಸು ಊಟದಲ್ಲಿ. ಆರು ವರ್ಷದಿಂದ ಅವರೇ ಬಂದು ಹೊಗಳಿ ಬರೆದು ಹೋಗುತ್ತಿದ್ದರು.

ನಾಲ್ಕನೇ ತರಗತಿಯ ಟೀಚರ್ ಕೂಡ ಹೋದ ವರ್ಷದಂತೆ ಈ ವರ್ಷವೂ ಮಕ್ಕಳಿಗೆ ಇದನ್ನೇ ಹೇಳಿಕೊಟ್ಟಿದ್ದಳು. ಹಂಗಾಮಿ ಕೆಲಸದವಳು, ತಕರಾರು ಎತ್ತಲು ಅವಳಿಗೇನು ಕೋಡು ಮೂಡಿತ್ತೇ? ಈ ವರ್ಷ ಅವಳ ಪಾಠ ನೋಡಿ ಅಧಿಕಾರಿ ಒಂದು ಕಾಗದಕ್ಕೆ ಸಹಿ ಹಾಕಿದರೆ ಕೆಲಸ ಕಾಯಂ. ಇಲ್ಲವಾದರೆ ಪರೀಕ್ಷೆ ಮುಗಿದ ಮೇಲೆ ಮನೆಯ ದಾರಿ. ಹೊಲಿಗೆ ಯಂತ್ರ ತುಳಿದು ತುಳಿದು ಮಂಡಿ ಸವೆಸಿಕೊಂಡಿದ್ದ ಅಮ್ಮ ಬೆಳಿಗ್ಗೆಯೇ ಹೇಳಿ ಕಳಿಸಿದ್ದಳು: "ಇವತ್ತೊಂದಿನ ಬಾಯಿಗೆ ಬೀಗ ಹಾಕ್ಕೋ ತಾಯಿ. ಸಹಿ ಆದ್ಮೇಲೆ ಬೇಕಾದ್ರೆ ಊರಿಗೆಲ್ಲ ಬುದ್ಧಿ ಹೇಳು."

ಹಾಕಿಕೊಳ್ಳುತ್ತಿದ್ದಳೇನೋ, ಹಿಂದಿನ ದಿನ ಆ ಒಂದು ಮಾತು ಕಿವಿಗೆ ಬೀಳದಿದ್ದರೆ.

ಪಾಠ ಎರಡು ವಾಕ್ಯಗಳನ್ನು ಜೋಡಿಸುವ ಪದಗಳದು: ಮತ್ತು, ಆದರೆ, ಅಥವಾ, ಆದ್ದರಿಂದ. ವ್ಯಾಕರಣದ ಹೆಸರು ಹೇಳಿದರೆ ಮಕ್ಕಳು ಆಕಳಿಸುತ್ತಾರೆಂದು ಅವಳು ಅವಕ್ಕೆ 'ಕೊಂಡಿ' ಎಂದು ಹೆಸರಿಟ್ಟಿದ್ದಳು. ಇಬ್ಬರು ಮಕ್ಕಳ ಎದೆಗೆ ಒಂದೊಂದು ವಾಕ್ಯದ ಚೀಟಿ. ಕೊಂಡಿಯ ಚೀಟಿ ಆರಿಸಿಕೊಂಡ ಮಗು ನಡುವೆ ನಿಂತು, ಇಬ್ಬರ ಕೈಯನ್ನೂ ಹಿಡಿದು ಓದಬೇಕು. "ಚಪ್ಪಲಿ ಕಿತ್ತುಹೋಯಿತು ಅಥವಾ ಬರಿಗಾಲಲ್ಲಿ ಬಂದೆ" ಎಂದು ಯಾರಾದರೂ ಓದಿದರೆ ತರಗತಿಯೆಲ್ಲ ಗೊಳ್ಳೆಂದು ನಗುತ್ತಿತ್ತು.

ಹಿಂದಿನ ದಿನ ತಪಾಸಣೆಯ ಅಭ್ಯಾಸ ಮುಗಿಸಿ, "ನೀರು ಕುಡಿಯೋಕೆ ಯಾರ್ಯಾರು ಹೋಗ್ತೀರಾ?" ಎಂದು ಅವಳು ಕೇಳಿದಾಗ, ಇಸ್ತ್ರಿ ಅಂಗಡಿಯವನ ಮಗಳು ಮುಷ್ಟಿ ಎತ್ತಿದಳು.

"ನೀರಿಗೂ ಮುಷ್ಟಿ ಯಾಕೆ ಪುಟ್ಟಿ? ಅಭ್ಯಾಸ ಮುಗೀತಲ್ಲ."

"ನಾನು ಮುಷ್ಟಿಯೋಳು ಮಿಸ್."

ಹಾಜರಿಯ ನಂಬರು ಹೇಳುವಷ್ಟೇ ಸಲೀಸಾಗಿ ಹೇಳಿದಳು ಹುಡುಗಿ. ಟೀಚರಿಗೆ ಕಪಾಳಕ್ಕೆ ಹೊಡೆದಂತಾಯಿತು. ಹೇಳಿಕೊಟ್ಟವಳು ತಾನೇ ಅಲ್ಲವೇ! ಮೊದಲು ನಾಚಿಕೆಯಾಯಿತು, ಅದರ ಹಿಂದೆಯೇ ಸಿಟ್ಟು ಬಂತು. ಆ ಸಿಟ್ಟು ಮಾರನೇ ದಿನಕ್ಕೂ ಆರಿರಲಿಲ್ಲ.

ಅಧಿಕಾರಿ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕುಳಿತರು, ದೊಡ್ಡ ಮೇಡಂ ಅವರ ಬೆನ್ನ ಹಿಂದೆ ನಿಂತರು. ಮುಂದೆ ನಿಂತಿದ್ದ ಇಬ್ಬರು ಮಕ್ಕಳ ಎದೆಯ ಮೇಲೆ 'ದಾರಿ ದೂರವಿತ್ತು', 'ನಾನು ಬಂದೆ' ಎಂಬ ಚೀಟಿಗಳು.

"ಕೊಂಡಿ ಯಾರಾಗ್ತೀರಾ?"

ಕೈಗಳು ಎದ್ದವು. ಟೀಚರ್ ಬಿಚ್ಚಿದ ಕೈಗಳನ್ನೆಲ್ಲ ದಾಟಿ ಮೂರನೇ ಬೆಂಚಿನಲ್ಲಿದ್ದ ಇಸ್ತ್ರಿ ಅಂಗಡಿಯವನ ಮಗಳ ಮುಷ್ಟಿಯತ್ತ ಬೆರಳು ತೋರಿದಳು. "ನೀನು ಬಾ."

ದೊಡ್ಡ ಮೇಡಂ ಕೆಮ್ಮಿದರು. ಅದು ಶೀತದ ಕೆಮ್ಮಲ್ಲ ಎಂದು ಇಡೀ ಶಾಲೆಗೆ ಗೊತ್ತು. ಹುಡುಗಿ ಕುಳಿತಲ್ಲೇ ಗಾಬರಿಯಾದಳು. "ಮಿಸ್, ನಂದು ಮುಷ್ಟಿ!"

ಅಧಿಕಾರಿ ಫೈಲಿನಿಂದ ತಲೆ ಎತ್ತಿದರು. "ಮುಷ್ಟಿ ಅಂದ್ರೆ?"

"ಏನಿಲ್ಲ ಸರ್," ದೊಡ್ಡ ಮೇಡಂ ನಕ್ಕರು, "ಆ ಮಗು ಸ್ವಲ್ಪ ಮಂಕು."

"ಮಂಕಲ್ಲ ಸರ್," ಟೀಚರ್ ಹೇಳಿದಳು. "ಗೊತ್ತಿಲ್ದೋರು ಮುಷ್ಟಿ ಎತ್ಬೇಕು, ನಿಮ್ಮೆದುರು ಅವ್ರನ್ನ ಕರೀಬಾರ್ದು ಅಂತ ನಾವೇ ಮಾಡ್ಕೊಂಡಿರೋದು. ಹೋದ ವರ್ಷ ನಾನೂ ಮಾಡಿದೀನಿ. ಇನ್ನು ಮಾಡಲ್ಲ."

ಅಧಿಕಾರಿಯ ಮುಖ ಕೆಂಪಾಯಿತು. ಆರು ವರ್ಷ ತಾವು ಬರೆದ ಹೊಗಳಿಕೆಯೆಲ್ಲ ಕಣ್ಣೆದುರು ಬಂದಿರಬೇಕು. ಅವರ ಸಿಟ್ಟು ತಿರುಗಿದ್ದು ಮಾತ್ರ ನಿಜ ಹೇಳಿದವಳ ಕಡೆಗೆ.

"ನೋಡಮ್ಮ, ಇದನ್ನ ಬರೆದ್ರೆ ನನ್ನ ಹಳೇ ವರದಿಗಳೆಲ್ಲ ಸುಳ್ಳಾಗ್ತವೆ. ನಂಗೇನೂ ಕೇಳಿಸ್ಲಿಲ್ಲ. ಬಿಚ್ಚಿದ ಕೈ ಒಂದನ್ನ ಕರೀರಿ, ಪಾಠ ಮುಗಿಸಿ, ಸಹಿ ಹಾಕ್ಬಿಡ್ತೀನಿ." ಅವರು ಪೆನ್ನಿನ ಮುಚ್ಚಳ ತೆಗೆದರು.

ಟೀಚರಿಗೆ ಅಮ್ಮನ ಮಂಡಿಗಳು ನೆನಪಾದವು. ಆದರೂ ಅವಳು ಮೂರನೇ ಬೆಂಚಿಗೆ ನಡೆದು, ಹುಡುಗಿಯ ಮುಂದೆ ಕೈ ಚಾಚಿದಳು.

"ಬಾ ಪುಟ್ಟಿ. ನಿನ್ನನ್ನೇ ಕರೀತಿರೋದು."

ಹುಡುಗಿ ಮೇಜಿನಿಂದ ಒಂದು ಚೀಟಿ ಎತ್ತಿಕೊಂಡು ನಡುವೆ ನಿಂತಳು. "ದಾರಿ ದೂರವಿತ್ತು ಅಥವಾ ನಾನು ಬಂದೆ."

ಯಾರೂ ನಗಲಿಲ್ಲ. ಅಧಿಕಾರಿ ಪೆನ್ನಿನ ಮುಚ್ಚಳವನ್ನು ಟಪ್ಪೆಂದು ಹಾಕಿದರು. ಟೀಚರ್ ಆ ಕಡೆ ತಿರುಗಲಿಲ್ಲ.

"ಹೇಗನ್ಸುತ್ತೆ?"

"ಸರಿಯಿಲ್ಲ ಮಿಸ್."

"ಹಾಗಾದ್ರೆ ಬೇರೆ ನೋಡು. ನಮಗೇನೂ ಅವಸರ ಇಲ್ಲ."

ಅಧಿಕಾರಿ ಕುರ್ಚಿ ಸರಿಸಿ ಎದ್ದು ಹೋದರು. ದೊಡ್ಡ ಮೇಡಂ ಬಾಗಿಲಲ್ಲಿ ನಿಂತು ಹಲ್ಲು ಕಡಿದರು: "ನಿನ್ನ ಕಾಲ ಮೇಲೆ ನೀನೇ ಕಲ್ಲು ಹಾಕ್ಕೊಂಡೆ."

"ಹಾಕ್ಕೊಂಡೆ ಮೇಡಂ. ಪಾಠ ಇನ್ನೂ ಇಪ್ಪತ್ತು ನಿಮಿಷ ಇದೆ."

ಹುಡುಗಿ ಅಷ್ಟರಲ್ಲಿ ಚೀಟಿಗಳನ್ನೆಲ್ಲ ಕೆದಕಿ ಇನ್ನೊಂದನ್ನು ಆರಿಸಿ, ಇಬ್ಬರ ಕೈಯನ್ನೂ ಬಿಗಿಯಾಗಿ ಹಿಡಿದಿದ್ದಳು. "ದಾರಿ ದೂರವಿತ್ತು, ಆದರೆ ನಾನು ಬಂದೆ!"

"ಮುಂದಿನ ಕೊಂಡಿ ಯಾರು?" ಟೀಚರ್ ಕೇಳಿದಳು.

ಹಿಂದಿನ ಬೆಂಚುಗಳಿಂದ ಮುಷ್ಟಿಗಳು ಒಂದರ ಮೇಲೊಂದು ಎದ್ದವು. "ನಂಗೆ ಗೊತ್ತಿಲ್ಲ ಮಿಸ್, ನನ್ನನ್ನ ಕರೀರಿ! ಮಿಸ್, ನಂಗೂ ಗೊತ್ತಿಲ್ಲ, ನನ್ನನ್ನ!"