ನೀರಿಗೋ, ಗಾಳಿಗೋ?

ಯಾವ ವಸ್ತುವನ್ನೇ ಕೊಳ್ಳಲಿ, ನನ್ನ ಹೆಂಡತಿಯ ತಂದೆ ಮೊದಲು ಅದನ್ನು ತಟ್ಟಿ ಕೇಳುತ್ತಿದ್ದರು. ಅಂಗಡಿಯವನು ಮುಂದಿಟ್ಟ ಪೈಪು ತಿರುಗಿಸುವ ಹಿತ್ತಾಳೆಯ ಎಲ್ಬೋವನ್ನು ಉಗುರಿನಿಂದ ಟಣ್ಣೆನಿಸಿ, ಬಲಗಿವಿಯ ಸನಿಹಕ್ಕೆ ತಂದು, ಸುಳ್ಳುಸಾಕ್ಷಿಯ ಹೇಳಿಕೆ ಆಲಿಸುವ ನ್ಯಾಯಾಧೀಶರಂತೆ ಕಣ್ಣು ಮುಚ್ಚುತ್ತಿದ್ದರು. ಮೂವತ್ತು ವರ್ಷಗಳ ಕಾರ್ಖಾನೆಯ ಫಿಟ್ಟರ್ ಕೆಲಸ ಎಡಗಿವಿಯನ್ನು ತಿಂದುಹಾಕಿದ್ದರಿಂದ ನಡೆಯುವಾಗಲೂ ಬಲಗಿವಿಯೇ ಮುಂದು, ದೇಹ ಅದರ ಹಿಂದು. ಮೊಣಕೈ ಸವೆದ ಖಾಕಿ ಕೋಟಿನ ಜೇಬಿನಲ್ಲಿ ಸದಾ ಒಂದು ಅಯಸ್ಕಾಂತ. ಹಿತ್ತಾಳೆಯೆಂದು ಕೊಟ್ಟದ್ದು ಅದಕ್ಕೆ ಅಂಟಿಕೊಂಡರೆ, ಒಳಗಿರುವುದು ಕಬ್ಬಿಣ ಎಂದರ್ಥ.

ನಿವೃತ್ತಿಯ ನಂತರ ಮನೆಯ ಹಿಂದಿನ ಶೆಡ್ಡಿನಲ್ಲಿ ಅವರು ಕುರ್ಚಿ ಮಾಡಲು ಕುಳಿತರು. ಪಕ್ಕದ ಸ್ಟೂಲಿನ ಮೇಲೆ ನನ್ನ ಹೆಂಡತಿ ಕುರ್ಚಿಯ ಕಾಲುಗಳಿಗೆ ಮರಳುಕಾಗದ ಉಜ್ಜುವಳು. ಪಾಲಿಶ್ ಸಿಂಪಡಿಸಲೆಂದು ಏರ್ ಕಂಪ್ರೆಸರ್ ಬಂತು. ಅದರ ಸದ್ದಿಗೆ ಹೆದರಿ ಅದನ್ನು ಬಾಗಿಲ ಹೊರಗಿಟ್ಟದ್ದಾಯಿತು. ಇನ್ನು ಅಲ್ಲಿಂದ ಬೆಂಚಿನವರೆಗೆ ಗಾಳಿ ತರಲು ಹದಿನೈದು ಅಡಿ ಪೈಪು ಬೇಕು, ಅಷ್ಟೇ. ಆ ಹದಿನೈದು ಅಡಿಗಾಗಿ ನಾವು ಮೂರು ವಾರ ಅಂಗಡಿ ಸುತ್ತಿದೆವು.

ಎಲ್ಲ ಅಂಗಡಿಯವರೂ ತೋರಿಸಿದ್ದು ಬಿಳಿಯ ಪ್ಲಾಸ್ಟಿಕ್ ಪೈಪನ್ನೇ. ಹಗುರ, ಅಗ್ಗ, ಅಂಟು ಹಚ್ಚಿದರೆ ಮುಗಿಯಿತು; ತಡೆಯುವ ಒತ್ತಡವೆಷ್ಟೆಂದು ಮೈಮೇಲೆಯೇ ಅಚ್ಚು ಹಾಕಿದೆ.

“ಈ ಲೆಕ್ಕ ನೀರಿಗೋ, ಗಾಳಿಗೋ?” ಎಂದರು ಮಾವ.

“ಎರಡೂ ಒಂದೇ ಅಲ್ವಾ ಸಾರ್?”

“ಬೆಳ್ಳಗಿರೋದೆಲ್ಲ ಹಾಲಲ್ಲಪ್ಪಾ,” ಎಂದು ಹೊರಬಿದ್ದರು. ಹೋಗುವ ಮುನ್ನ ತಟ್ಟಿ ನೋಡಿದ ಹಿತ್ತಾಳೆಯನ್ನೆಲ್ಲ ಅಯಸ್ಕಾಂತಕ್ಕೂ ಒಡ್ಡಿದ್ದರು. “ನನ್ನ ಮೇಲೂ ಒಂದ್ಸಲ ಇಟ್ಟು ನೋಡಿಬಿಡಿ ಸಾರ್,” ಎಂದ ಅಂಗಡಿಯವನು. ನನಗೆ ನಗು ಬಂತು, ಮಾವನಿಗೆ ಬರಲಿಲ್ಲ.

ನನ್ನ ತಾಳ್ಮೆ ಸೋತಿತು. ಒಂದು ಭಾನುವಾರ ಅವರು ಪರವೂರಿನ ಹಳೆಯ ಸಹೋದ್ಯೋಗಿಯನ್ನು ನೋಡಲು ಎರಡು ದಿನಕ್ಕೆ ಹೋದಾಗ, ಅದೇ ಬಿಳಿ ಪೈಪು ತಂದು, ಹೆಂಡತಿಯ ಕೈಯಲ್ಲಿ ಹಿಡಿಸಿ, ಗೋಡೆಗುಂಟ, ಅವಳ ಸ್ಟೂಲಿನ ಮೇಲ್ಗಡೆಯಾಗಿ, ಅಂಟಿಸಿ ಮುಗಿಸಿದೆ. ಎರಡು ದಿನ ಅಂಟು ಒಣಗಲೆಂದು ಗುಟ್ಟಾಗಿಟ್ಟು, ಮೂರನೆಯ ದಿನ ಹೆಮ್ಮೆಯಿಂದ ಬಾಗಿಲು ತೆರೆದು ತೋರಿಸಿದೆ.

ಅವರು ಹೊಸ್ತಿಲಲ್ಲೇ ನಿಂತರು. “ಯಾರು ಹೇಳಿದ್ದು ಇದಾಗತ್ತೆ ಅಂತ?”

“ಅಂಗಡಿಯವರೇ ಹೇಳಿದ್ರಲ್ಲ.”

“ಅವರ ಮಗಳು ಇದರ ಕೆಳಗೆ ಕೂರ್ತಾಳಾ?”

ನನಗೆ ಉರಿಯಿತು. “ಹಾಗಾದ್ರೆ ನಾನು ನಿಮ್ಮ ಮಗಳಿಗೆ ಕೇಡು ಬಯಸ್ತೀನಾ ಮಾವ?”

ಮಾವ ಪೈಪಿನ ಮೇಲ್ಗಡೆಯ ಹಲಗೆಯಂಚಿಗೆ ದೊಡ್ಡದೊಂದು ಸ್ಪ್ಯಾನರ್ ಇಟ್ಟು, ಅದಕ್ಕೆ ದಾರ ಕಟ್ಟಿ, ನಮ್ಮಿಬ್ಬರನ್ನೂ ಹೊರಗಟ್ಟಿ, ಬಾಗಿಲು ಮುಚ್ಚಿ ಕಂಪ್ರೆಸರ್ ಹಚ್ಚಿದರು. ಒತ್ತಡ ತುಂಬಿದ ಮೇಲೆ ಬಾಗಿಲ ಸಂದಿಯಿಂದ ದಾರ ಎಳೆದರು. ಟಪ್ ಎಂದು ಸ್ಪ್ಯಾನರ್ ಬಿತ್ತು, ಪೈಪು ಮಿಸುಕಲಿಲ್ಲ. ಗಾಳಿಯನ್ನೆಲ್ಲ ಬಿಟ್ಟು, ಒಳಹೋಗಿ ಮತ್ತೆ ಜೋಡಿಸಿ, ಮತ್ತೆ ಎಳೆದರು. ಏನೂ ಆಗಲಿಲ್ಲ. ನಾನು ಗೆದ್ದವನಂತೆ ಕೈಕಟ್ಟಿ ನಿಂತಿದ್ದೆ.

“ಸಾಕು ಬಿಡಪ್ಪಾ, ಅವರಿಗೂ ಬೇಜಾರಾಗತ್ತೆ,” ಎಂದಳು ಹೆಂಡತಿ.

“ಇನ್ನೊಂದೇ ಒಂದು ಸಲ ಕಣಮ್ಮ.”

ಮೂರನೆಯ ಸಲಕ್ಕೆ ಶೆಡ್ಡೇ ಬಿರಿದಂಥ ಸದ್ದು. ಬಾಗಿಲು ತೆರೆದರೆ ಗೋಡೆಗುಂಟ ಪೈಪಿನ ಒಂದು ಉದ್ದ ಭಾಗವೇ ಇರಲಿಲ್ಲ. ಸ್ಟೂಲಿನ ಮೆತ್ತೆ ಸೀಳಿ, ಬೆರಳುದ್ದದ ಬಿಳಿ ಚೂರುಗಳು ನೆಟ್ಟಗೆ ನಿಂತಿದ್ದವು. ಹೆಂಡತಿ ಒಂದು ಚೂರನ್ನು ಕಿತ್ತು, ಅದರ ಮೊನೆಯನ್ನೇ ನೋಡುತ್ತ ನಿಂತಳು.

ಮಾವ ಗೋಡೆಯಲ್ಲುಳಿದ ತುಂಡುಗಳನ್ನು ಸವರಿ ನೋಡಿದರು. “ಬಿರುಕು ಬಿಟ್ರೆ ನೀರು ಸೋರತ್ತೆ, ಒತ್ತಿ ತುಂಬಿದ ಗಾಳಿ ಸಿಡಿಯತ್ತೆ. ಆದ್ರೆ ಅಳಿಯಂದಿರೇ, ಅಂಟಿಸಿದ್ದು ಚೆನ್ನಾಗಿದೆ. ಒಂದು ಜಾಯಿಂಟೂ ಬಿಟ್ಟಿಲ್ಲ ನೋಡಿ,” ಎಂದರು.

ಮರುದಿನ ಕಬ್ಬಿಣದ ಪೈಪು ಬಂತು. ಗಾಳಿಯಲ್ಲೂ ನೀರು ಅಡಗಿರುತ್ತದೆಂದು ಪೈಪಿಗೆ ಇಳಿಜಾರು ಕೊಟ್ಟು, ತುದಿಯಲ್ಲಿ ನೀರಿಳಿಯಲು ನಲ್ಲಿಯಂಥ ಒಂದು ಕಾಕ್ ಇಟ್ಟರು. ಪ್ರತಿ ತಿರುಪು ಜೋಡಣೆಗೂ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುವುದೇ ಎಂದು ಕಾದರು. ನಾನು ಬಿಗಿದದ್ದನ್ನು ಒಮ್ಮೆ ಪರೀಕ್ಷಿಸಿದರು. ತಾವು ಬಿಗಿದದ್ದನ್ನು ಎರಡು ಸಲ.

ಇಂಥ ಸಂಶಯಸ್ಥರೊಡನೆ ಬಾಳುವುದು ಸುಲಭವಲ್ಲ. ಒಂದು ಗಂಟೆಯ ಕೆಲಸವನ್ನು ಅವರು ಒಂದು ತಿಂಗಳಿಗೆ ಎಳೆಯುತ್ತಾರೆ, ಹಿತೈಷಿಗಳ ಮನಸ್ಸು ಮುರಿಯುತ್ತಾರೆ, ಊರವರ ನಗೆಗೆ ಈಡಾಗುತ್ತಾರೆ. ಆದರೆ ನಾವು ಹಗುರವಾಗಿ ನಂಬುವಾಗ ಆ ನಂಬಿಕೆಯ ಬೆಲೆಯನ್ನು ತೆರಬೇಕಾದವರು ಎಷ್ಟೋ ವೇಳೆ ಬೇರೆಯೇ ಆಗಿರುತ್ತಾರೆ; ಅದರ ಕೆಳಗೆ ಯಾರು ಕೂರುತ್ತಾರೆಂದು ಮೊದಲೇ ಕೇಳುವ ಒರಟುತನ ಈ ಜನಕ್ಕೆ ಮಾತ್ರ ಇದೆ.